ಮನೆಯಿಂದ ದೂರವಿರುವ ಯುವತಿಯರ ವೈಯಕ್ತಿಕ ಎಲ್ಲೆ ಮತ್ತು ಸುರಕ್ಷತೆ

ಓದು, ತರಬೇತಿ ಅಥವಾ ದುಡಿಮೆಗಾಗಿ ಹೆತ್ತವರ ಮನೆ ಬಿಟ್ಟು ಬೇರೆ ಊರಿನಲ್ಲಿ ನೆಲೆಸುವ ಯುವತಿಯು ತನ್ನ ದೇಹ, ವಾಸದ ಜಾಗ, ಸಮಯ, ಹಣ, ಮಾಹಿತಿ ಮತ್ತು ಸಂಬಂಧಗಳ ವಿಷಯದಲ್ಲಿ ಇತರರು ದಾಟಬಾರದೆಂದು ನಿರ್ಧರಿಸಿಕೊಳ್ಳುವ ಮಿತಿಗಳೇ ವೈಯಕ್ತಿಕ ಎಲ್ಲೆ. ಆ ಎಲ್ಲೆಗೆ ಭಂಗ ಬಾರದಂತೆ ಕಾಯುವ, ಭಂಗ ಬಂದಾಗ ಪರಿಹಾರ ಒದಗಿಸುವ ಕಾನೂನು, ಸಂಸ್ಥೆ ಮತ್ತು ರೂಢಿಗಳ ಒಟ್ಟು ವ್ಯವಸ್ಥೆಗೆ ಸುರಕ್ಷತೆ ಎಂದು ಹೆಸರು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಪುರಸಭೆ ಪಟ್ಟಣವಾದ ಕಕ್ಕೇರಾ ಮತ್ತು ಅದರ ಸುತ್ತಲಿನ ಸುರಪುರ, ಶಹಾಪುರ, ಯಾದಗಿರಿ ಭಾಗದಿಂದ ಹೊರಡುವ ಯುವತಿಯರನ್ನು ಮುಖ್ಯವಾಗಿ ಗಮನದಲ್ಲಿಟ್ಟು, ಕರ್ನಾಟಕದಲ್ಲಿ ಈ ವ್ಯವಸ್ಥೆ ಬೆಳೆದ ಬಗೆ, ಅದರ ಅಂಗಗಳು ಮತ್ತು ಇಂದಿನ ಸ್ಥಿತಿಯನ್ನು ಈ ಲೇಖನ ನಿರೂಪಿಸುತ್ತದೆ.

ಪರಿಭಾಷೆ

ಸಮ್ಮತಿ: ಭಯ, ಒತ್ತಡ, ಮೋಸ ಅಥವಾ ಅಮಲಿನ ಪ್ರಭಾವವಿಲ್ಲದೆ, ತಿಳಿದು, ಸ್ವಇಚ್ಛೆಯಿಂದ ನೀಡುವ ಒಪ್ಪಿಗೆ. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಒಂದು ವಿಷಯಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಅನ್ವಯಿಸದು. ಮೌನವಾಗಿರುವುದು ಅಥವಾ ಪ್ರತಿರೋಧ ತೋರದಿರುವುದು ಸಮ್ಮತಿಯಲ್ಲ.

ಲೈಂಗಿಕ ಕಿರುಕುಳ: ಮಹಿಳೆಗೆ ಬೇಡವಾದ ಲೈಂಗಿಕ ಸ್ವರೂಪದ ಸ್ಪರ್ಶ, ಬೇಡಿಕೆ, ಮಾತು, ಸನ್ನೆ ಅಥವಾ ಅಶ್ಲೀಲ ಚಿತ್ರಗಳ ಪ್ರದರ್ಶನ.

ಹಿಂಬಾಲಿಕೆ: ಮಹಿಳೆ ಸ್ಪಷ್ಟವಾಗಿ ನಿರಾಸಕ್ತಿ ತೋರಿದ ಮೇಲೂ ಪದೇ ಪದೇ ಬೆನ್ನುಹತ್ತುವುದು, ಸಂಪರ್ಕಿಸಲು ಯತ್ನಿಸುವುದು. ಆಕೆಯ ಇಂಟರ್‌ನೆಟ್ ಅಥವಾ ಫೋನ್ ಬಳಕೆಯ ಮೇಲೆ ಕಣ್ಣಿಡುವುದೂ ಇದರಲ್ಲಿ ಸೇರುತ್ತದೆ.

ಕದ್ದುನೋಟ: ಸ್ನಾನ, ಬಟ್ಟೆ ಬದಲಾವಣೆಯಂಥ ಖಾಸಗಿ ಸಂದರ್ಭದಲ್ಲಿ ಮಹಿಳೆಯನ್ನು ಕದ್ದು ನೋಡುವುದು, ಚಿತ್ರೀಕರಿಸುವುದು ಅಥವಾ ಆ ಚಿತ್ರವನ್ನು ಹಂಚುವುದು.

ಆಂತರಿಕ ಸಮಿತಿ, ಸ್ಥಳೀಯ ಸಮಿತಿ: ಕೆಲಸದ ಸ್ಥಳದಲ್ಲಿ ನಡೆಯುವ ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಕ್ರಮವಾಗಿ ಸಂಸ್ಥೆಯೊಳಗೆ ಮತ್ತು ಜಿಲ್ಲಾ ಮಟ್ಟದಲ್ಲಿ ರಚನೆಯಾಗುವ ಶಾಸನಬದ್ಧ ಸಮಿತಿಗಳು.

ಪ್ರಾದೇಶಿಕ ಹಿನ್ನೆಲೆ

ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಮೈಸೂರು ನಗರದಲ್ಲಿ ಮಹಾರಾಣಿ ಬಾಲಿಕಾ ಶಾಲೆ 1881ರಲ್ಲೇ ಆರಂಭವಾಗಿದ್ದರೆ, ಈ ಭಾಗಕ್ಕೆ ಉನ್ನತ ಶಿಕ್ಷಣ ತಡವಾಗಿ ಬಂತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009-10ರಲ್ಲಿ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 51.83, ಮಹಿಳೆಯರಲ್ಲಿ ಶೇ 41.38. ಇದು ರಾಜ್ಯದ ಜಿಲ್ಲೆಗಳಲ್ಲೇ ಅತಿ ಕಡಿಮೆ. ಹೀಗಾಗಿ ಇಂದು ಊರು ಬಿಟ್ಟು ಓದಲು ಹೋಗುವ ಹೆಣ್ಣುಮಕ್ಕಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು.

ಮೂರು ಬೆಳವಣಿಗೆಗಳು ಈ ಹೊರಹೋಗುವಿಕೆಯನ್ನು ಹೆಚ್ಚಿಸಿವೆ. ಮೊದಲನೆಯದು ಶಿಕ್ಷಣಾವಕಾಶ. ಸಂವಿಧಾನದ 371ಜೆ ವಿಧಿಯಡಿ 2013ರಲ್ಲಿ ಹೊರಬಂದ ಆದೇಶವು ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿತು. ಕಲಬುರಗಿ, ರಾಯಚೂರುಗಳ ಜೊತೆಗೆ ಬೆಂಗಳೂರು, ಮೈಸೂರುಗಳ ಕಾಲೇಜುಗಳೂ ಈ ಭಾಗದವರಿಗೆ ತೆರೆದವು. ನೆರೆಯ ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ (ಈಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ) ಇನ್ನೊಂದು ನೆಲೆ. ಎರಡನೆಯದು ಗುಳೆ. ಮಳೆಯಾಶ್ರಿತ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದ್, ಗೋವಾಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಕುಟುಂಬಗಳಲ್ಲಿ ಯುವತಿಯರೂ ಇರುತ್ತಾರೆ. ಮೂರನೆಯದು ಸಂಚಾರ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯು ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿ, ಊರಿಗೆ ಹೋಗಿಬರುವ ಖರ್ಚನ್ನು ತಗ್ಗಿಸಿತು.

ಕಾನೂನಿನ ಬೆಳವಣಿಗೆ

ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ದೇಶದಲ್ಲಿ ಮೊದಲ ಸ್ಪಷ್ಟ ನಿಯಮ ದೊರೆತದ್ದು 1997ರ ವಿಶಾಖಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಿಂದ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬರು ಕಾರು ಚಾಲಕನಿಂದ ಹತ್ಯೆಯಾದ ಪ್ರಕರಣವು, ಉದ್ಯೋಗಿಗಳ ಪ್ರಯಾಣದ ಸುರಕ್ಷತೆಗೆ ಸಂಸ್ಥೆಗಳು ಹೊಣೆಯೇ ಎಂಬ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು.

2012ರ ಡಿಸೆಂಬರ್ 16ರ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ವರದಿ ನೀಡಿತು. ಅದೇ ವರ್ಷ ದಂಡ ಸಂಹಿತೆಗೆ ತಂದ ತಿದ್ದುಪಡಿಯಿಂದ ಹಿಂಬಾಲಿಕೆ ಮತ್ತು ಕದ್ದುನೋಟ ಪ್ರತ್ಯೇಕ ಅಪರಾಧಗಳಾದವು. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರ ಡಿಸೆಂಬರ್ 9ರಿಂದ ಜಾರಿಗೆ ಬಂತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2015ರ ನಿಯಮಾವಳಿಯ ಮೂಲಕ ಇದೇ ಬಗೆಯ ರಕ್ಷಣೆಯನ್ನು ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿನಿಯರಿಗೂ ವಿಸ್ತರಿಸಿತು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಈ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತನ್ನ ದೇಹ, ವಾಸಸ್ಥಳ ಮತ್ತು ಮಾಹಿತಿಯ ಮೇಲೆ ವ್ಯಕ್ತಿಗಿರುವ ಅಧಿಕಾರಕ್ಕೆ ಈ ತೀರ್ಪು ಸಂವಿಧಾನದ ಬಲ ನೀಡಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ.

ವಾಸದ ಬಗೆಗಳು

ಯುವತಿ ಎಲ್ಲಿ ವಾಸಿಸುತ್ತಾಳೆ ಎಂಬುದರ ಮೇಲೆ ಅವಳ ಎಲ್ಲೆಗೆ ಬರಬಹುದಾದ ಭಂಗದ ಸ್ವರೂಪವೂ ದೂರು ಕೊಡಬೇಕಾದ ಜಾಗವೂ ಬದಲಾಗುತ್ತವೆ.

ಸರ್ಕಾರಿ ವಿದ್ಯಾರ್ಥಿನಿಲಯ: ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಮೆಟ್ರಿಕ್ ಪೂರ್ವ ಹಾಗೂ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಊಟ, ವಸತಿ ಉಚಿತ. ದಿನನಿತ್ಯದ ಹೊಣೆ ವಾರ್ಡನ್‌ರದು. ಕಟ್ಟಡದ ಭದ್ರತೆ, ಶೌಚಾಲಯ ಮತ್ತು ಸ್ನಾನದ ಕೋಣೆಗಳ ಖಾಸಗಿತನ, ಹೊರಗಿನವರ ಪ್ರವೇಶ ಇಲ್ಲಿನ ಮುಖ್ಯ ವಿಷಯಗಳು.

ಕಾಲೇಜು ಹಾಗೂ ಮಠ, ಸಮುದಾಯಗಳ ವಿದ್ಯಾರ್ಥಿನಿಲಯ: ಆಡಳಿತ ಮಂಡಳಿಯ ನಿಯಮಗಳು ಇಲ್ಲಿ ನಡೆಯುತ್ತವೆ. ಕಾಲೇಜಿನ ಅಂಗವಾದ ವಿದ್ಯಾರ್ಥಿನಿಲಯ ಯುಜಿಸಿ ನಿಯಮಾವಳಿಯ ವ್ಯಾಪ್ತಿಗೆ ಬರುತ್ತದೆ.

ಪಿ.ಜಿ.: ತಿಂಗಳ ಬಾಡಿಗೆಗೆ ಊಟ, ಹಾಸಿಗೆ ಒದಗಿಸುವ ಖಾಸಗಿ ವಸತಿ. ಬೆಂಗಳೂರಿಗೆ ಹೋಗುವ ಉದ್ಯೋಗಸ್ಥ ಯುವತಿಯರಲ್ಲಿ ಹೆಚ್ಚಿನವರು ಮೊದಲು ನೆಲೆಸುವುದು ಇಲ್ಲಿ. ಅಪರಿಚಿತರೊಂದಿಗೆ ಕೋಣೆ ಹಂಚಿಕೆ, ಮುಂಗಡ ಹಣ, ಆಧಾರ್ ಪ್ರತಿಯ ಬಳಕೆ, ಮಾಲೀಕ ಅಥವಾ ಕೆಲಸಗಾರರು ಕೋಣೆಗೆ ಬರುವ ಬಗೆ ಇಲ್ಲಿ ಎಲ್ಲೆಯ ಪ್ರಶ್ನೆಗಳಾಗುತ್ತವೆ.

ಬಾಡಿಗೆ ಕೋಣೆ: ಗೆಳತಿಯರು ಕೂಡಿ ‘ರೂಮ್ ಮಾಡಿಕೊಂಡು’ ಇರುವ ರೂಢಿ ಕಲಬುರಗಿ, ವಿಜಯಪುರದಂಥ ನಗರಗಳಲ್ಲಿ ವಿಶೇಷವಾಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಲ್ಲಿದೆ. ಮೇಲ್ವಿಚಾರಕರಿಲ್ಲದ ಕಾರಣ ಸ್ವಾತಂತ್ರ್ಯ ಹೆಚ್ಚು; ಸಂಸ್ಥೆಯ ರಕ್ಷಣೆ ಕಡಿಮೆ.

ಬಂಧುಗಳ ಮನೆ: ಚಿಕ್ಕಪ್ಪ, ಸೋದರಮಾವ, ಅಕ್ಕ-ಭಾವನ ಮನೆಯಲ್ಲಿದ್ದು ಓದುವುದು ಹಳೆಯ ಪದ್ಧತಿ. ಸುರಕ್ಷಿತವೆಂದು ಭಾವಿಸಲಾಗುವ ಈ ವಾಸದಲ್ಲಿ ನಡೆಯುವ ಕಿರುಕುಳ ಹೊರಬರುವುದು ಕಷ್ಟ. ಆಶ್ರಯ ಕೊಟ್ಟವರ ಮೇಲೆ ದೂರು ಹೇಳಲು ಹಿಂಜರಿಕೆ ಇರುತ್ತದೆ. ರಕ್ತಸಂಬಂಧಿಗಳೊಡನೆ ಒಂದೇ ಮನೆಯಲ್ಲಿ ವಾಸಿಸುವ ಮಹಿಳೆಗೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ.

ಕೆಲಸದ ಜಾಗದ ವಾಸ: ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡು, ಗಾರ್ಮೆಂಟ್ ಕಾರ್ಖಾನೆಗಳ ಹಾಸ್ಟೆಲ್, ಮನೆಗೆಲಸದವರು ಮಾಲೀಕರ ಮನೆಯಲ್ಲೇ ಉಳಿಯುವುದು ಈ ಬಗೆಯವು. ವಾಸವೂ ಕೂಲಿಯೂ ಒಬ್ಬರ ಕೈಯಲ್ಲೇ ಇರುವುದರಿಂದ ದೂರು ಕೊಟ್ಟರೆ ಎರಡನ್ನೂ ಕಳೆದುಕೊಳ್ಳುವ ಭಯವಿರುತ್ತದೆ. ಬಾಗಿಲು ಭದ್ರವಿಲ್ಲದ ಶೆಡ್ಡು, ಬಯಲು ಶೌಚ, ಬೆಳಕಿಲ್ಲದ ದಾರಿ ಅಪಾಯವನ್ನು ಹೆಚ್ಚಿಸುತ್ತವೆ.

ಉದ್ಯೋಗಸ್ಥ ಮಹಿಳೆಯರಿಗೆ ಕೇಂದ್ರ ಸರ್ಕಾರದ ನೆರವಿನ ವಸತಿನಿಲಯ ಯೋಜನೆ 1972-73ರಿಂದ ಇದೆ. ಈಗ ಅದರ ಹೆಸರು ‘ಸಖಿ ನಿವಾಸ’.

ಎಲ್ಲೆಯ ಬಗೆಗಳು

ದೈಹಿಕ ಎಲ್ಲೆ: ಯಾರು, ಯಾವಾಗ, ಎಷ್ಟು ಹತ್ತಿರ ಬರಬಹುದು, ಮುಟ್ಟಬಹುದು ಎಂಬ ನಿರ್ಧಾರ. ಹಲ್ಲೆ, ಬಲವಂತದ ಸ್ಪರ್ಶಗಳು ಇದರ ತೀವ್ರ ಉಲ್ಲಂಘನೆಗಳು.

ಸ್ಥಳದ ಎಲ್ಲೆ: ತನ್ನ ಕೋಣೆ, ಮಂಚ, ಪೆಟ್ಟಿಗೆ, ಸ್ನಾನದ ವೇಳೆಯ ಖಾಸಗಿತನ. ಬಾಗಿಲು ತಟ್ಟದೆ ಒಳಬರುವುದು, ಹೇಳದೆ ಕೋಣೆ ತಪಾಸಣೆ ಮಾಡುವುದು ಇದಕ್ಕೆ ಭಂಗ.

ಭಾವನಾತ್ಮಕ ಎಲ್ಲೆ: ಸ್ನೇಹ, ಪ್ರೀತಿ, ಮದುವೆಯ ಪ್ರಸ್ತಾಪಗಳನ್ನು ಒಪ್ಪುವ ಅಥವಾ ಒಲ್ಲೆನೆನ್ನುವ ಹಕ್ಕು. ಪರ ಊರಿನಲ್ಲಿ ‘ನಮ್ಮೂರಿನವನು’, ‘ಅಣ್ಣನ ಹಾಗೆ’ ಎಂಬ ಸಲಿಗೆಯಿಂದ ಆರಂಭವಾದ ನೆರವು, ಮುಂದೆ ಯಾರೊಡನೆ ಮಾತಾಡಬೇಕು, ಎಲ್ಲಿಗೆ ಹೋಗಬೇಕು ಎಂದು ಅಪ್ಪಣೆ ಮಾಡುವ ಹಂತಕ್ಕೆ ಬೆಳೆದಾಗ ಈ ಎಲ್ಲೆ ಮುರಿಯುತ್ತದೆ. ಸಾಯುತ್ತೇನೆಂದು ಬೆದರಿಸಿ ಒಪ್ಪಿಗೆ ಪಡೆಯುವುದೂ ಒತ್ತಡದ ಒಂದು ರೂಪ.

ಆರ್ಥಿಕ ಎಲ್ಲೆ: ವಿದ್ಯಾರ್ಥಿವೇತನ, ಸಂಬಳ, ಎಟಿಎಂ ಕಾರ್ಡು, ಯುಪಿಐ ಗುಪ್ತಸಂಖ್ಯೆಗಳ ಮೇಲಿನ ಸ್ವಂತ ಹಿಡಿತ. ಸಾಲ ಕೊಟ್ಟು ಋಣದಲ್ಲಿರಿಸುವುದು, ಆಧಾರ್ ಪ್ರತಿ ಬಳಸಿ ಸಿಮ್ ಅಥವಾ ಸಾಲ ಪಡೆಯುವುದು ಉಲ್ಲಂಘನೆಗಳು.

ಡಿಜಿಟಲ್ ಎಲ್ಲೆ: ಫೋನ್, ಪಾಸ್‌ವರ್ಡ್, ಫೋಟೊ, ಇರುವ ಜಾಗದ ಮಾಹಿತಿ. ಫೋಟೊ ತಿರುಚಿ ಹರಡುವುದು, ಖಾಸಗಿ ಚಿತ್ರ ತೋರಿಸಿ ಹಣ ಅಥವಾ ಭೇಟಿಗೆ ಒತ್ತಾಯಿಸುವುದು, ನಕಲಿ ಖಾತೆ ತೆರೆಯುವುದು ಇಲ್ಲಿ ಬರುತ್ತವೆ.

ಶಿಕ್ಷೆ ಮತ್ತು ರಕ್ಷಣೆ

ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಂ ಮಹಿಳೆಯ ಘನತೆಗೆ ಧಕ್ಕೆ ತರುವ ಹಲ್ಲೆಗೆ 1ರಿಂದ 5 ವರ್ಷ ಸಜೆ ವಿಧಿಸುತ್ತದೆ. 75ನೇ ಕಲಂ ಲೈಂಗಿಕ ಕಿರುಕುಳಕ್ಕೆ, 77 ಕದ್ದುನೋಟಕ್ಕೆ, 78 ಹಿಂಬಾಲಿಕೆಗೆ, 79 ಮಾತು-ಸನ್ನೆಗಳ ಅವಮಾನಕ್ಕೆ ಸಂಬಂಧಿಸಿವೆ. ಹಿಂಬಾಲಿಕೆಗೆ ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಸಜೆ ಉಂಟು. ಅಧಿಕಾರದ ಸ್ಥಾನದಲ್ಲಿರುವವರು ಅಥವಾ ಮಹಿಳಾ ಸಂಸ್ಥೆಯ ಮೇಲ್ವಿಚಾರಕರು ಆ ಸ್ಥಾನವನ್ನು ದುರುಪಯೋಗಪಡಿಸಿಕೊಂಡು, ತಮ್ಮ ಸುಪರ್ದಿನಲ್ಲಿರುವ ಮಹಿಳೆಯನ್ನು ಪುಸಲಾಯಿಸಿ ಲೈಂಗಿಕ ಸಂಪರ್ಕ ನಡೆಸುವುದನ್ನು 68ನೇ ಕಲಂ 5ರಿಂದ 10 ವರ್ಷ ಕಠಿಣ ಸಜೆಯ ಅಪರಾಧವಾಗಿಸಿದೆ. ಖಾಸಗಿ ಚಿತ್ರಗಳ ದುರ್ಬಳಕೆಗೆ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, 67 ಮತ್ತು 67ಎ ಕಲಂಗಳೂ ಅನ್ವಯಿಸುತ್ತವೆ.

ಪಿಯುಸಿ ಓದುವ ಬಹುಪಾಲು ವಿದ್ಯಾರ್ಥಿನಿಯರು 18 ತುಂಬದವರು. ಅವರಿಗೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಸಮ್ಮತಿಯ ವಾದಕ್ಕೆ ಬೆಲೆಯಿಲ್ಲ. ಅಪರಾಧದ ಸುಳಿವು ಸಿಕ್ಕ ವಾರ್ಡನ್, ಉಪನ್ಯಾಸಕರು ಅಥವಾ ಬಂಧುಗಳು ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ದೂರಿನ ದಾರಿಗಳು

ಪೊಲೀಸ್: ಅಪರಾಧ ಯಾವ ಊರಿನಲ್ಲಿ ನಡೆದಿದ್ದರೂ ಹತ್ತಿರದ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ಇದನ್ನು ಶೂನ್ಯ ಎಫ್ಐಆರ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ನಡೆದ ಘಟನೆಗೆ ಊರಿಗೆ ಮರಳಿದ ಯುವತಿ ಅಲ್ಲಿನ ಠಾಣೆಯಲ್ಲೇ ದೂರು ಕೊಡಲು ಇದರಿಂದ ಸಾಧ್ಯ. ವಿದ್ಯುನ್ಮಾನ ಮಾಧ್ಯಮದಲ್ಲಿ ಕಳುಹಿಸಿದ ದೂರಿಗೆ ಮೂರು ದಿನದೊಳಗೆ ಸಹಿ ಹಾಕಬೇಕು. ಲೈಂಗಿಕ ಅಪರಾಧಗಳಲ್ಲಿ ಹೇಳಿಕೆಯನ್ನು ಮಹಿಳಾ ಅಧಿಕಾರಿ ದಾಖಲಿಸುತ್ತಾರೆ. ಸಾಕ್ಷಿ ಹೇಳಿಕೆಗಾಗಿ ಮಹಿಳೆಯನ್ನು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಆಕೆ ವಾಸಿಸುವಲ್ಲೇ ವಿಚಾರಿಸಬೇಕು. ಅತ್ಯಾಚಾರದ ಸಂತ್ರಸ್ತೆಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ನೀಡಬೇಕು. ಆಕೆಯ ಗುರುತನ್ನು ಪ್ರಕಟಿಸುವುದು ಅಪರಾಧ.

ಆಂತರಿಕ ಸಮಿತಿ: ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಪ್ರತಿ ಸಂಸ್ಥೆಯಲ್ಲೂ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಒಬ್ಬರು ಹೊರಗಿನವರು. ಘಟನೆಯ ಮೂರು ತಿಂಗಳೊಳಗೆ ಲಿಖಿತ ದೂರು ನೀಡಬೇಕು. ಸಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶ ಸಿಗುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರು ಬಂದಾಗ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರುತ್ತಾರೆ.

ಸ್ಥಳೀಯ ಸಮಿತಿ: ಹತ್ತಕ್ಕಿಂತ ಕಡಿಮೆ ಉದ್ಯೋಗಿಗಳಿರುವ ಜಾಗ, ಮನೆಗೆಲಸ, ಮಾಲೀಕನ ಮೇಲೇ ಇರುವ ದೂರುಗಳನ್ನು ವಿಚಾರಿಸುತ್ತದೆ. ಅಂಗಡಿ, ಕ್ಲಿನಿಕ್, ಸಣ್ಣ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವವರಿಗೆ ಇದೇ ಆಸರೆ.

ಸಹಾಯವಾಣಿಗಳು: ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930, ರೈಲು ಪ್ರಯಾಣದಲ್ಲಿ 139, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಕಾನೂನು ನೆರವಿಗೆ 15100. ರ‍್ಯಾಗಿಂಗ್ ದೂರಿಗೆ 1800-180-5522.

ಆಶ್ರಯ ಮತ್ತು ಕಾನೂನು ನೆರವು: ವೈದ್ಯಕೀಯ, ಪೊಲೀಸ್, ಕಾನೂನು ನೆರವು ಹಾಗೂ ತಾತ್ಕಾಲಿಕ ಆಶ್ರಯವನ್ನು ಒಂದೇ ಕಡೆ ಕೊಡುವ ‘ಸಖಿ’ ಕೇಂದ್ರಗಳು 2015ರಿಂದ ಜಿಲ್ಲೆಗಳಲ್ಲಿ ಆರಂಭವಾದವು. ರಾಜ್ಯದ ಸಾಂತ್ವನ ಕೇಂದ್ರಗಳು ಅದಕ್ಕೂ ಹಿಂದಿನವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಇದನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳು ಮತ್ತು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳು ಒದಗಿಸುತ್ತವೆ.

ಬಳಕೆಯಲ್ಲಿರುವ ಮುನ್ನೆಚ್ಚರಿಕೆಗಳು

ವಸತಿ ಆಯ್ಕೆಯಲ್ಲಿ ನೋಡಬೇಕಾದವು: ಬಾಗಿಲಿಗೆ ಒಳಗಿನಿಂದ ಭದ್ರವಾದ ಚಿಲಕ, ಕಿಟಕಿ ಸರಳು, ಸ್ನಾನದ ಕೋಣೆಯ ಗವಾಕ್ಷಿಯ ಎತ್ತರ, ಮುಖ್ಯದ್ವಾರದ ಸಿಸಿಟಿವಿ, ಬಸ್ ನಿಲ್ದಾಣದಿಂದ ವಾಸದವರೆಗಿನ ದಾರಿಯ ಬೆಳಕು, ರಾತ್ರಿ ಹೊಣೆಯಾಗಿರುವವರು ಯಾರು ಎಂಬುದು. ಮುಂಗಡಕ್ಕೆ ರಶೀದಿ ಪಡೆಯುವುದು, ಆಧಾರ್ ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕ ಬರೆದು ಸಹಿ ಮಾಡಿ ಕೊಡುವುದು ಸಾಮಾನ್ಯ ಸಲಹೆಗಳು.

ಪ್ರಯಾಣದಲ್ಲಿ, ವಾಹನದ ಸಂಖ್ಯೆಯನ್ನೂ ತಲುಪುವ ವೇಳೆಯನ್ನೂ ನಂಬಿಕೆಯ ಒಬ್ಬರಿಗೆ ತಿಳಿಸುವ ರೂಢಿ ಇದೆ. ಯಾದಗಿರಿ ನಿಲ್ದಾಣದ ಮೂಲಕ ಬೆಂಗಳೂರು, ಮುಂಬಯಿ ಕಡೆಗೆ ಹೋಗುವ ರೈಲುಗಳಲ್ಲಿ ಒಂಟಿಯಾಗಿ ಪ್ರಯಾಣಿಸುವವರು ರೈಲ್ವೆ ರಕ್ಷಣಾ ಪಡೆಯ ನೆರವು ಕೇಳಬಹುದು. 2020ರಲ್ಲಿ ಆರಂಭವಾದ ಆ ಪಡೆಯ ‘ಮೇರಿ ಸಹೇಲಿ’ ಕಾರ್ಯಕ್ರಮ ಇಂಥ ಪ್ರಯಾಣಿಕರಿಗಾಗಿಯೇ ಇದೆ.

ಕಿರುಕುಳ ನಡೆದಾಗ ಸಂದೇಶ, ಕರೆಯ ವಿವರ, ಚಿತ್ರಗಳನ್ನು ಅಳಿಸದೆ ಉಳಿಸಿಕೊಳ್ಳುವುದು, ದಿನಾಂಕ ಮತ್ತು ವೇಳೆ ಬರೆದಿಡುವುದು ಮುಂದಿನ ತನಿಖೆಗೆ ಆಧಾರವಾಗುತ್ತದೆ. ಖಾಸಗಿ ಚಿತ್ರ ಮುಂದಿಟ್ಟು ಹಣ ಕೇಳುವವರಿಗೆ ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದು ವಿರಳ. ಹಣ ಕೊಡದೆ ಸೈಬರ್ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ತಿಳಿಸಬೇಕೆಂಬುದು ಪೊಲೀಸರ ಸೂಚನೆ.

ಈ ಮುನ್ನೆಚ್ಚರಿಕೆಗಳು ಅಪಾಯವನ್ನು ತಗ್ಗಿಸುವ ಸಾಧನಗಳು. ಅವುಗಳಲ್ಲಿ ಯಾವುದನ್ನಾದರೂ ಪಾಲಿಸದಿದ್ದ ಮಾತ್ರಕ್ಕೆ ಅಪರಾಧದ ಹೊಣೆ ಯುವತಿಯ ಮೇಲೆ ಬರುವುದಿಲ್ಲ.

ಸುರಕ್ಷತೆ ಮತ್ತು ನಿರ್ಬಂಧ

ಸುರಕ್ಷತೆಯ ಹೆಸರಿನಲ್ಲಿ ಸಂಜೆಯ ಗಡುವು, ಫೋನ್ ನಿಷೇಧ, ಗ್ರಂಥಾಲಯದ ಬಳಕೆಗೆ ತಡೆ ಮುಂತಾದ ನಿರ್ಬಂಧಗಳು ವಿದ್ಯಾರ್ಥಿನಿಲಯಗಳಲ್ಲಿ ಬಹುಕಾಲದಿಂದ ಇವೆ. ಯುಜಿಸಿಯ ಕಾರ್ಯಪಡೆ 2013ರ ‘ಸಕ್ಷಮ್’ ವರದಿಯಲ್ಲಿ ಇಂಥ ನಿಯಮಗಳನ್ನು ಟೀಕಿಸಿತು. ವಿದ್ಯಾರ್ಥಿನಿಯರ ಸುರಕ್ಷತೆಯ ಕಾಳಜಿಯನ್ನು ಮುಂದೊಡ್ಡಿ ಅವರ ಹಾಸ್ಟೆಲ್‌ಗೆ ಹುಡುಗರ ಹಾಸ್ಟೆಲ್‌ಗಿಲ್ಲದ ತಾರತಮ್ಯದ ನಿಯಮ ಹೇರುವಂತಿಲ್ಲ ಎಂಬುದು 2015ರ ನಿಯಮಾವಳಿಯಲ್ಲಿ ಸೇರಿತು. ವಿದ್ಯಾರ್ಥಿನಿಲಯದಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಒಪ್ಪದ ವಿದ್ಯಾರ್ಥಿನಿಯ ಪರವಾಗಿ ಕೇರಳ ಹೈಕೋರ್ಟ್ 2019ರಲ್ಲಿ ತೀರ್ಪು ನೀಡಿ, ಇಂಟರ್‌ನೆಟ್ ಬಳಕೆಯನ್ನು ಶಿಕ್ಷಣ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಗುರುತಿಸಿತು.

ಮಹಿಳೆಯರು ಸಾರ್ವಜನಿಕ ಜಾಗದಲ್ಲಿರುವುದನ್ನೇ ಪ್ರಶ್ನಿಸುವ ಗುಂಪು ದಾಳಿಗಳು ‘ನೈತಿಕ ಪೊಲೀಸ್‌ಗಿರಿ’ ಎಂಬ ಹೆಸರಿನಲ್ಲಿ ಚರ್ಚೆಗೆ ಬಂದವು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ, 2012ರ ಜುಲೈನಲ್ಲಿ ಅದೇ ನಗರದ ಹೋಂಸ್ಟೇ ಒಂದರಲ್ಲಿ ಯುವತಿಯರ ಮೇಲೆ ನಡೆದ ದಾಳಿಗಳು ಇದಕ್ಕೆ ಉದಾಹರಣೆ. ಬೀದಿಯಲ್ಲಿ ಹೆಣ್ಣುಮಕ್ಕಳಿಗಿರುವ ಹಕ್ಕಿನ ಕುರಿತು 2003ರಲ್ಲಿ ಬೆಂಗಳೂರಿನಲ್ಲಿ ಜಸ್ಮೀನ್ ಪಾಥೇಜಾ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’, ಅದಕ್ಕೂ ಮೊದಲೇ 1979ರಿಂದ ಅಲ್ಲಿ ದುಡಿಯುತ್ತಿರುವ ‘ವಿಮೋಚನಾ’ ಸಂಘಟನೆಗಳು ಕೆಲಸ ಮಾಡಿವೆ.

ದೂರಿಗೆ ಇರುವ ಅಡ್ಡಿಗಳು

ಕಿರುಕುಳದ ವಿಷಯ ಮನೆಗೆ ತಿಳಿದರೆ ಓದು ಬಿಡಿಸಿ ಊರಿಗೆ ಕರೆದೊಯ್ಯುತ್ತಾರೆ, ಬೇಗ ಮದುವೆ ಮಾಡುತ್ತಾರೆ ಎಂಬ ಅಂಜಿಕೆ ಹಳ್ಳಿ ಮತ್ತು ಸಣ್ಣ ಪಟ್ಟಣಗಳಿಂದ ಬಂದವರಲ್ಲಿ ದೊಡ್ಡ ಅಡ್ಡಿ. ತಪ್ಪು ಮಾಡಿದವನ ಬದಲು ದೂರಿದವಳೇ ಕಾಲೇಜು ಬಿಡಬೇಕಾಗುವ ಈ ಸ್ಥಿತಿಯಿಂದ ಅನೇಕ ಪ್ರಕರಣಗಳು ಹೊರಬರುವುದಿಲ್ಲ. ಮನೆತನದ ಮರ್ಯಾದೆಯ ಮಾತು, ಆರೋಪಿಯ ಜಾತಿ ಅಥವಾ ಹಣದ ಬಲ, ಠಾಣೆಯ ಭಯ, ನಗರದ ಕಚೇರಿಗಳಲ್ಲಿ ಭಾಷೆಯ ತೊಡಕು, ಸಮಿತಿ ಇದೆಯೆಂಬುದೇ ಗೊತ್ತಿಲ್ಲದಿರುವುದು ಇತರ ಕಾರಣಗಳು. ಮಗಳು ಹೇಳಿಕೊಂಡಾಗ ಓದನ್ನು ನಿಲ್ಲಿಸದೆ ಬೆಂಬಲಿಸುವ ಮನೆ, ಹೆಸರು ಗುಟ್ಟಾಗಿಟ್ಟು ವಿಚಾರಿಸುವ ಸಂಸ್ಥೆ ಇದ್ದಲ್ಲಿ ದೂರು ಬೇಗ ಬರುತ್ತದೆ.

ಇಂದಿನ ಸ್ಥಿತಿ

2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಪಿ.ಜಿ.ಯೊಂದರ ಒಳಗೆ ಯುವತಿಯೊಬ್ಬರ ಹತ್ಯೆ ನಡೆದ ನಂತರ, ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿತು. ಪ್ರವೇಶದ್ವಾರಗಳಲ್ಲಿ ಸಿಸಿಟಿವಿ ಮತ್ತು 90 ದಿನಗಳ ದೃಶ್ಯ ಸಂಗ್ರಹ, ಪ್ರತಿ ವ್ಯಕ್ತಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಭದ್ರತಾ ಸಿಬ್ಬಂದಿ ಅದರಲ್ಲಿ ಸೇರಿದ್ದವು. ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಸರ್ಕಾರ ಸ್ಥಾಪಿಸಿದ ನಿರ್ಭಯಾ ನಿಧಿಯ ನೆರವಿನ ‘ಸುರಕ್ಷಿತ ನಗರ’ ಯೋಜನೆಯಡಿ ಬೆಂಗಳೂರಿನಲ್ಲಿ ಕ್ಯಾಮೆರಾಗಳು ಮತ್ತು ಗುಂಡಿ ಒತ್ತಿ ಪೊಲೀಸರನ್ನು ಸಂಪರ್ಕಿಸುವ ‘ಸುರಕ್ಷತಾ ದ್ವೀಪ’ಗಳು ಬಂದಿವೆ. ಈ ಎರಡು ಕ್ರಮಗಳೂ ರಾಜಧಾನಿಗೆ ಸೀಮಿತ.

ಕೆಲಸದ ಸ್ಥಳದ ಕಾಯ್ದೆ ಸಮರ್ಪಕವಾಗಿ ಜಾರಿಯಾಗಿಲ್ಲವೆಂದು 2023ರಲ್ಲಿ ಗುರುತಿಸಿದ ಸುಪ್ರೀಂ ಕೋರ್ಟ್, 2024ರ ಡಿಸೆಂಬರ್‌ನಲ್ಲಿ ಎಲ್ಲ ಜಿಲ್ಲೆಗಳಲ್ಲಿ ಜಿಲ್ಲಾ ಅಧಿಕಾರಿಗಳನ್ನು ನೇಮಿಸಿ ಸ್ಥಳೀಯ ಸಮಿತಿಗಳನ್ನು ರಚಿಸುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿತು. ದೂರು ಸಲ್ಲಿಸಲು ಕೇಂದ್ರ ಸರ್ಕಾರದ ‘ಶಿ-ಬಾಕ್ಸ್’ ಪೋರ್ಟಲ್ ಇದೆ. ಕಕ್ಕೇರಾದ ಯುವತಿಗೂ ಬೆಂಗಳೂರಿನ ಯುವತಿಗೂ ಅನ್ವಯಿಸುವ ಕಾನೂನು ಒಂದೇ. ದೂರು ಕೊಡುವ ಯುವತಿ ಎಷ್ಟು ಗಂಟೆಗೆ ಎಲ್ಲಿದ್ದಳು, ಯಾವ ಬಟ್ಟೆ ತೊಟ್ಟಿದ್ದಳು, ಯಾರ ಜೊತೆಗಿದ್ದಳು ಎಂಬುದನ್ನು ದೂರು ಸ್ವೀಕರಿಸಲು ಷರತ್ತಾಗಿ ಯಾವ ಕಾಯ್ದೆಯೂ ಇಟ್ಟಿಲ್ಲ.